ಗುಂಡಿನ ವೇಗ ಅಳೆದ ದರ್ಜಿಯ ಮಗ

ಮೆಕ್ಯಾನಿಕ್ಸ್ ಓದಿದ ಎಲ್ಲರಿಗೂ ಈ ಲೆಕ್ಕ ಗೊತ್ತು. ತೂಗುಬಿಟ್ಟ ಮರದ ದಿಮ್ಮಿಗೆ ಒಂದು ಗುಂಡು ಬಂದು ನಾಟುತ್ತದೆ. ಗುಂಡಿನ ತೂಕ ಇಷ್ಟು, ದಿಮ್ಮಿಯ ತೂಕ ಇಷ್ಟು, ದಿಮ್ಮಿ ಇಷ್ಟು ಮೇಲೇರಿತು. ಹಾಗಾದರೆ ಗುಂಡಿನ ವೇಗ ಎಷ್ಟು? ಪಿಯುಸಿಯಲ್ಲಿ ಒಮ್ಮೆ, ಸಿಇಟಿ ತಯಾರಿಯಲ್ಲಿ ಒಮ್ಮೆ, ಬಿ.ಇ. ಸೇರಿದ ಮೇಲೆ ಮತ್ತೊಮ್ಮೆ ನಾವು ಇದನ್ನು ಬಿಡಿಸುತ್ತೇವೆ. ಪುಸ್ತಕದಲ್ಲಿ ಇದರ ಹೆಸರು ಬ್ಯಾಲಿಸ್ಟಿಕ್ ಪೆಂಡುಲಂ. ಆದರೆ ಈ ಲೋಲಕವನ್ನು ಮೊದಲು ಕಟ್ಟಿ, ಕೋವಿ ಹಾರಿಸಿ, ವೇಗ ಅಳೆದು ತೋರಿಸಿದವನ ಬದುಕಿನ ಬಗ್ಗೆ ನಮಗೆ ಯಾರೂ ಹೇಳುವುದಿಲ್ಲ.

ಆತ ಬೆಂಜಮಿನ್ ರಾಬಿನ್ಸ್. ಕಾಲೇಜಿನ ಮೆಟ್ಟಿಲು ಹತ್ತದ ಇಂಗ್ಲಿಷ್ ಗಣಿತಜ್ಞ. ಬಯಸಿದ ಕೆಲಸ ಸಿಗದೆ ಹೋದಾಗ ಬರೆದ ಪುಸ್ತಕದಿಂದ ಹೆಸರಾದವನು. ಕೊನೆಗೆ ಪ್ರಾಣ ಬಿಟ್ಟದ್ದು ನಮ್ಮ ಪಕ್ಕದ ತಮಿಳುನಾಡಿನ ಕಡಲೂರಿನ ಹತ್ತಿರ. ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಗಳನ್ನು ಇಂದು ಹವ್ಯಾಸಕ್ಕಾಗಿ ದುರಸ್ತಿ ಮಾಡಿ ಹಾರಿಸುವವರು ತಪ್ಪದೆ ಪಾಲಿಸುವ ಒಂದು ನಿಯಮಕ್ಕೆ ಕಾರಣ ಏನೆಂಬುದನ್ನು 280 ವರ್ಷಗಳ ಹಿಂದೆಯೇ ಒಂದು ಬಂದೂಕನ್ನು ಒಡೆದು ತೋರಿಸಿದವನು ಆತ.

ಇಪ್ಪತ್ತಕ್ಕೇ ರಾಯಲ್ ಸೊಸೈಟಿ

ರಾಬಿನ್ಸ್ ಹುಟ್ಟಿದ್ದು 1707ರಲ್ಲಿ, ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ. ತಂದೆ ಜಾನ್ ರಾಬಿನ್ಸ್ ದರ್ಜಿ. ಮನೆಯಲ್ಲಿ ಬಡತನ. ಕುಟುಂಬ ಕ್ವೇಕರ್ ಪಂಥಕ್ಕೆ ಸೇರಿದ್ದು. ಕ್ವೇಕರರು ಯುದ್ಧವನ್ನು ಒಪ್ಪದ ಜನ, ಆಯುಧ ಹಿಡಿಯುವುದಿಲ್ಲ. ಅಂಥ ಮನೆಯ ಹುಡುಗ ಮುಂದೆ ಕೋವಿ, ಫಿರಂಗಿಗಳ ಗಣಿತ ಬರೆದದ್ದು ಚರಿತ್ರೆಯ ವಿಚಿತ್ರಗಳಲ್ಲಿ ಒಂದು.

ವಿಶ್ವವಿದ್ಯಾಲಯಕ್ಕೆ ಕಳಿಸುವ ಶಕ್ತಿ ಮನೆಯವರಿಗೆ ಇರಲಿಲ್ಲ. ಆದರೆ ಹುಡುಗನಿಗೆ ಗಣಿತ ತಾನಾಗಿಯೇ ಒಲಿದಿತ್ತು. ಅವನು ಬರೆದ ಗಣಿತದ ಹಾಳೆಗಳು ಲಂಡನ್ನಿನ ಹೆನ್ರಿ ಪೆಂಬರ್ಟನ್ ಎಂಬ ವಿದ್ವಾಂಸನ ಕೈಗೆ ಸೇರಿದವು. ಪೆಂಬರ್ಟನ್ ಅಂದರೆ ನ್ಯೂಟನ್ನನ ಪ್ರಿನ್ಸಿಪಿಯಾ ಗ್ರಂಥದ ಮೂರನೆಯ ಆವೃತ್ತಿಯನ್ನು ನೋಡಿಕೊಂಡವನು. ಅವನ ಉತ್ತೇಜನದಿಂದ ರಾಬಿನ್ಸ್ ಲಂಡನ್ನಿಗೆ ಬಂದ. ಭಾಷೆಗಳನ್ನು ಕಲಿತ, ಹಳೆಯ ಗ್ರೀಕ್ ಜ್ಯಾಮಿತಿಯಿಂದ ಹಿಡಿದು ನ್ಯೂಟನ್ನನವರೆಗೆ ಓದಿದ. ನ್ಯೂಟನ್ನನ ಒಂದು ಗಣಿತ ಗ್ರಂಥದ ಕೊನೆಯ ಪ್ರಮೇಯಕ್ಕೆ ಸಾಧನೆ ಬರೆದು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ. 1727ರಲ್ಲಿ ಸೊಸೈಟಿ ಅವನನ್ನು ಫೆಲೋ ಆಗಿ ಆರಿಸಿಕೊಂಡಿತು. ಆಗ ಅವನ ವಯಸ್ಸು 20. ನಮ್ಮಲ್ಲಿ ಅನೇಕರು ಐದನೇ ಸೆಮಿಸ್ಟರ್‌ನಲ್ಲಿ ಬ್ಯಾಕ್‌ಲಾಗ್ ಎಣಿಸುತ್ತಿರುವ ವಯಸ್ಸು.

ಫೆಲೋ ಆದರೆ ಸಂಬಳ ಬರುವುದಿಲ್ಲ. ಹೊಟ್ಟೆಪಾಡಿಗೆ ರಾಬಿನ್ಸ್ ಮನೆಪಾಠ ಹೇಳಿದ. ಅದೊಂದರಲ್ಲೇ ಕುಳಿತಿರುವುದು ಅವನ ಸ್ವಭಾವಕ್ಕೆ ಒಗ್ಗಲಿಲ್ಲ. ಗಿರಣಿ, ಸೇತುವೆ, ಬಂದರು, ಜೌಗು ನೆಲದ ನೀರು ಬಸಿಯುವ ಕಾಲುವೆ, ದೋಣಿ ಓಡಾಡುವಂತೆ ನದಿಯನ್ನು ಆಳ ಮಾಡುವುದು, ಕೋಟೆ ಕಟ್ಟುವುದು ಹೀಗೆ ಎಂಜಿನಿಯರಿಂಗ್ ಕಡೆಗೆ ಹೊರಳಿದ. ಜೊತೆಗೆ ದೊಡ್ಡವರ ತಪ್ಪನ್ನು ಎತ್ತಿ ತೋರಿಸುವ ಅಭ್ಯಾಸವೂ ಇತ್ತು. ಯೂರೋಪಿನ ಹೆಸರಾಂತ ಗಣಿತಜ್ಞ ಯೋಹಾನ್ ಬೆರ್ನೂಲಿಯ ಒಂದು ಪ್ರಬಂಧವನ್ನು ಇಪ್ಪತ್ತೊಂದನೇ ವಯಸ್ಸಿನಲ್ಲಿ ಖಂಡಿಸಿ ಬರೆದ. ಬಿಷಪ್ ಬರ್ಕ್‌ಲಿ ನ್ಯೂಟನ್ನನ ಕಲನಶಾಸ್ತ್ರವನ್ನು ಹಾಸ್ಯ ಮಾಡಿದಾಗ 1735ರಲ್ಲಿ ಉತ್ತರ ಬರೆದ. 1739ರಲ್ಲಿ ಆಯ್ಲರನ ಮೆಕ್ಯಾನಿಕ್ಸ್ ಗ್ರಂಥವನ್ನು ಟೀಕಿಸಿದ. ಅದೇ ವರ್ಷ ಪ್ರಧಾನಿ ವಾಲ್ಪೋಲ್ ವಿರುದ್ಧ ರಾಜಕೀಯ ಕರಪತ್ರಗಳನ್ನೂ ಬರೆದ. ಇದು ಮುಂದೆ ಅವನಿಗೆ ತೊಡಕಾಯಿತು.

ಕೈತಪ್ಪಿದ ಕೆಲಸ

1741ರಲ್ಲಿ ಲಂಡನ್ ಹತ್ತಿರದ ವೂಲಿಚ್‌ನಲ್ಲಿ ಸೈನ್ಯಕ್ಕೆ ಎಂಜಿನಿಯರುಗಳನ್ನೂ ಫಿರಂಗಿ ದಳದ ಅಧಿಕಾರಿಗಳನ್ನೂ ತಯಾರು ಮಾಡುವ ರಾಯಲ್ ಮಿಲಿಟರಿ ಅಕಾಡೆಮಿ ಆರಂಭವಾಯಿತು. ಅಲ್ಲಿ ಪಾಠ ಹೇಳುವ ಹುದ್ದೆ ತನಗೆ ಸಿಗಬಹುದೆಂದು ರಾಬಿನ್ಸ್ ಕಾದಿದ್ದ. ಅವನಷ್ಟು ಗಣಿತವನ್ನೂ ಎಂಜಿನಿಯರಿಂಗನ್ನೂ ಒಟ್ಟಿಗೆ ಬಲ್ಲವರು ಇಂಗ್ಲೆಂಡಿನಲ್ಲಿ ಕಡಿಮೆ. ಆದರೂ ಹುದ್ದೆ ಬೇರೆಯವರ ಪಾಲಾಯಿತು. ಪ್ರಧಾನಿಯ ವಿರುದ್ಧ ಬರೆದ ಕರಪತ್ರಗಳು ಇದಕ್ಕೆ ಒಂದು ಕಾರಣ ಎನ್ನುವವರಿದ್ದಾರೆ.

ಕೆಲಸ ಸಿಗದವನು ಎರಡು ಮಾಡಬಹುದು. ಆಯ್ಕೆ ಸಮಿತಿಯನ್ನು ಬೈಯುತ್ತ ಕೂರಬಹುದು, ಇಲ್ಲವೇ ಆ ಕೆಲಸದಲ್ಲಿ ಏನು ಮಾಡಬೇಕೆಂದಿದ್ದನೋ ಅದನ್ನು ಮನೆಯಲ್ಲೇ ಮಾಡಬಹುದು. ರಾಬಿನ್ಸ್ ಎರಡನೆಯದನ್ನು ಆರಿಸಿಕೊಂಡ. ಕೋವಿ ಮತ್ತು ಫಿರಂಗಿಯ ಬಗ್ಗೆ ತನಗೆ ತಿಳಿದದ್ದನ್ನೆಲ್ಲ ಪ್ರಯೋಗ ಮಾಡಿ ನೋಡಿ 1742ರಲ್ಲಿ ಪುಸ್ತಕವಾಗಿ ತಂದ. ಹೆಸರು ನ್ಯೂ ಪ್ರಿನ್ಸಿಪಲ್ಸ್ ಆಫ್ ಗನ್ನರಿ. ತೀರಾ ದಪ್ಪ ಪುಸ್ತಕವಲ್ಲ. ಆದರೆ ಗುಂಡು ಹಾರಿಸುವ ವಿದ್ಯೆಯನ್ನು ಅದು ಬುಡದಿಂದ ಬದಲಿಸಿತು.

ಆ ಕಾಲದ ಕೋವಿ

ಆತ ಪರೀಕ್ಷೆಗೆ ಹಿಡಿದ ಆಯುಧ ಎಂಥದು ಎಂಬುದನ್ನು ಮೊದಲು ನೋಡೋಣ. ಈಗಿನ ಬಂದೂಕಿನಂತೆ ಹಿಂದಿನಿಂದ ತೋಟಾ ಹಾಕುವ ವ್ಯವಸ್ಥೆ ಆಗಿನ ಸೈನಿಕರ ಕೈಯಲ್ಲಿ ಇರಲಿಲ್ಲ. ನಳಿಕೆಯ ಬಾಯಿಯಿಂದ ಮೊದಲು ಕರಿಮದ್ದು ಸುರಿಯಬೇಕು. ಮೇಲೆ ಸೀಸದ ಗುಂಡು ಇಡಬೇಕು. ಉದ್ದನೆಯ ಗಜದಿಂದ ಗುಂಡನ್ನು ಒಳಗೆ ದೂಡಿ ಮದ್ದಿನ ಮೇಲೆ ಜಡಿದು ಕೂರಿಸಬೇಕು. ಹೊರಗಿನ ಬಟ್ಟಲಿನಲ್ಲಿ ಚಿಟಿಕೆ ಮದ್ದು ಹಾಕಬೇಕು. ಕುದುರೆ ಎಳೆದರೆ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತದೆ, ಬಟ್ಟಲಿನ ಮದ್ದು ಹತ್ತುತ್ತದೆ, ಬೆಂಕಿ ಸಣ್ಣ ತೂತಿನ ಮೂಲಕ ಒಳಗೆ ಹೋಗಿ ಈಡು ಸಿಡಿಯುತ್ತದೆ. ನಮ್ಮ ಮಲೆನಾಡಿನ ಕೇಪಿನ ಕೋವಿ ಇದೇ ಜಾತಿಯದು. ಚಕಮಕಿಯ ಬದಲು ಅದರಲ್ಲಿ ಕೇಪು ಇರುತ್ತದೆ, ಅಷ್ಟೇ ವ್ಯತ್ಯಾಸ. ಕೇಪು ಬಂದದ್ದು ರಾಬಿನ್ಸ್ ಸತ್ತು ಅರ್ಧ ಶತಮಾನದ ಮೇಲೆ.

ಕರಿಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ನೂರು ಭಾಗದಲ್ಲಿ ಸುಮಾರು 75 ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಉರಿಯುವುದು ಇದ್ದಿಲು ಮತ್ತು ಗಂಧಕ, ಆಮ್ಲಜನಕ ಒದಗಿಸುವುದು ಪೆಟ್ಲುಪ್ಪು. ಹೊರಗಿನ ಗಾಳಿಯ ಹಂಗಿಲ್ಲದೆ ಮುಚ್ಚಿದ ನಳಿಕೆಯೊಳಗೂ ಇದು ಉರಿಯುವುದು ಅದಕ್ಕೇ.

ಯೂರೋಪಿನ ಸೈನ್ಯಗಳು ಇದನ್ನು ನಾಲ್ಕು ಶತಮಾನ ಬಳಸಿದ್ದವು. ಆದರೂ ಗುಂಡು ಎಷ್ಟು ವೇಗದಲ್ಲಿ ಹೊರಡುತ್ತದೆ ಎಂದು ಕೇಳಿದರೆ ಅಳೆದು ಹೇಳಿದ ಉತ್ತರ ಯಾರ ಬಳಿಯೂ ಇರಲಿಲ್ಲ. ಗುಂಡು ಪ್ಯಾರಾಬೋಲ ದಾರಿಯಲ್ಲಿ ಸಾಗುತ್ತದೆ ಎಂದು ಗೆಲಿಲಿಯೊ ಹೇಳಿದ್ದ. ಅದನ್ನೇ ಹಿಡಿದು ಫಿರಂಗಿಯವರಿಗಾಗಿ ಕೋಷ್ಟಕಗಳು ತಯಾರಾಗಿದ್ದವು. ಗಾಳಿಯ ತಡೆ ಇದೆ ಎಂದು ನ್ಯೂಟನ್ ಬರೆದಿದ್ದರೂ ಭಾರವಾದ ಗುಂಡಿಗೆ ಗಾಳಿ ಏನು ಮಾಡೀತು ಎಂದು ಹೆಚ್ಚಿನವರು ಅದನ್ನು ಕೈಬಿಟ್ಟಿದ್ದರು.

ಇಪ್ಪತ್ತೈದು ಕಿಲೋ ಲೋಲಕ

ಸೆಕೆಂಡಿಗೆ ನೂರಾರು ಮೀಟರ್ ಓಡುವ ವಸ್ತುವಿನ ವೇಗ ಅಳೆಯಲು 1742ರಲ್ಲಿ ಗಡಿಯಾರ ಸಾಲದು. ರಾಬಿನ್ಸ್ ಗುಂಡಿನ ಹಿಂದೆ ಓಡಲಿಲ್ಲ, ಗುಂಡನ್ನೇ ನಿಧಾನ ಮಾಡಿದ. ಮರದ ಹಲಗೆ ಹೊದಿಸಿದ ಕಬ್ಬಿಣದ ಲೋಲಕವೊಂದನ್ನು ಮೂರು ಕಾಲಿನ ಚೌಕಟ್ಟಿಗೆ ತೂಗುಹಾಕಿದ. ಲೋಲಕದ ತೂಕ 56 ಪೌಂಡಿನಷ್ಟು, ಅಂದರೆ ಸುಮಾರು 25 ಕಿಲೋ. ಗುಂಡಿನ ತೂಕ ಪೌಂಡಿನ ಹನ್ನೆರಡನೇ ಒಂದು ಭಾಗ, ಅಂದರೆ ಸುಮಾರು 38 ಗ್ರಾಂ. ಗುಂಡು ಬಂದು ಮರಕ್ಕೆ ನಾಟಿದಾಗ ಲೋಲಕ ಹಿಂದಕ್ಕೆ ಸರಿಯುತ್ತದೆ. ಅದಕ್ಕೆ ಕಟ್ಟಿದ ರಿಬ್ಬನ್ ಎಷ್ಟು ಎಳೆದುಕೊಂಡಿತು ಎಂಬುದನ್ನು ಅಳೆದರೆ ಲೋಲಕ ಎಷ್ಟು ಮೇಲೇರಿತು ಎಂದು ಗೊತ್ತಾಗುತ್ತದೆ.

ಉಳಿದದ್ದು ನಮಗೆ ಗೊತ್ತಿರುವ ಲೆಕ್ಕ. ಡಿಕ್ಕಿಯಲ್ಲಿ ಸಂವೇಗ ಉಳಿಯುತ್ತದೆ. ಸೆಕೆಂಡಿಗೆ 500 ಮೀಟರ್ ವೇಗದ 38 ಗ್ರಾಂ ಗುಂಡು 25 ಕಿಲೋ ದಿಮ್ಮಿಗೆ ಸೇರಿದರೆ ಎರಡೂ ಸೇರಿ ಸೆಕೆಂಡಿಗೆ ಸುಮಾರು ಮುಕ್ಕಾಲು ಮೀಟರ್ ವೇಗದಲ್ಲಿ ಚಲಿಸುತ್ತವೆ. ಅದು ನಾವು ನಿಧಾನವಾಗಿ ನಡೆಯುವ ವೇಗ. ಅದನ್ನು ರಿಬ್ಬನ್ನಿನಲ್ಲೂ ಅಳೆಯಬಹುದು. ನಮ್ಮ ಪಠ್ಯದಲ್ಲಿ ದಿಮ್ಮಿಯನ್ನು ಬಿಂದು ಎಂದು ಹಿಡಿದು ಲೆಕ್ಕ ಸರಳ ಮಾಡಿರುತ್ತಾರೆ. ರಾಬಿನ್ಸ್ ಹಾಗೆ ಮಾಡಲಿಲ್ಲ. ಲೋಲಕದ ಗುರುತ್ವ ಕೇಂದ್ರ ಎಲ್ಲಿ, ಆಂದೋಲನ ಕೇಂದ್ರ ಎಲ್ಲಿ, ಗುಂಡು ಬಡಿದ ಜಾಗ ಎಲ್ಲಿ ಎಂಬುದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ. ಮಸ್ಕೆಟ್ ಗುಂಡಿನ ವೇಗ ಸೆಕೆಂಡಿಗೆ 1,600ರಿಂದ 1,700 ಅಡಿ ಎಂದು ಸಿಕ್ಕಿತು.

ಇದಕ್ಕಿಂತ ದೊಡ್ಡ ಆಶ್ಚರ್ಯ ಮುಂದೆ ಕಾದಿತ್ತು. ಲೋಲಕವನ್ನು ಕೋವಿಯಿಂದ ದೂರ ದೂರ ಇಟ್ಟು ಅಳೆದಾಗ ವೇಗ ಬೇಗ ಬೇಗ ಕುಸಿಯುವುದು ಕಾಣಿಸಿತು. ಮುಕ್ಕಾಲು ಇಂಚು ಗುಂಡಿಗೆ ಆ ವೇಗದಲ್ಲಿ ಗಾಳಿ ಒಡ್ಡುವ ತಡೆ ಗುಂಡಿನ ತೂಕದ ಸುಮಾರು 120 ಪಟ್ಟು. ಪ್ಯಾರಾಬೋಲ ಸೂತ್ರಕ್ಕೆ ಆ ವೇಗವನ್ನು ಹಾಕಿ 45 ಡಿಗ್ರಿಯಲ್ಲಿ ಹಾರಿಸಿದರೆ ಗುಂಡು 17 ಮೈಲಿ, ಅಂದರೆ 27 ಕಿಲೋಮೀಟರ್ ಹೋಗಬೇಕು. ಬೇಕಾದರೆ ಈಗಲೇ ಲೆಕ್ಕ ಹಾಕಿ ನೋಡಿ. ನಿಜದಲ್ಲಿ ಅದು ಅರ್ಧ ಮೈಲಿಯೂ ಹೋಗುವುದಿಲ್ಲ. ಗಾಳಿಯನ್ನು ಕಡೆಗಣಿಸಿ ಎಂದು ಪ್ರಶ್ನೆಪತ್ರಿಕೆಯಲ್ಲಿ ಬರುವ ಒಂದು ಸಾಲು ಎಷ್ಟು ದೊಡ್ಡದನ್ನು ಬಿಟ್ಟುಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಇನ್ನೊಂದನ್ನೂ ಆತ ಗಮನಿಸಿದ. ಗುಂಡಿನ ವೇಗ ಶಬ್ದದ ವೇಗವನ್ನು ಸಮೀಪಿಸಿ ದಾಟುವಾಗ ಗಾಳಿಯ ತಡೆ ಇದ್ದಕ್ಕಿದ್ದಂತೆ ಹೆಚ್ಚುತ್ತದೆ. ಎರಡು ಶತಮಾನಗಳ ಬಳಿಕ ಜೆಟ್ ವಿಮಾನ ಕಟ್ಟಿದವರು ಎದುರಿಸಿದ ಸಮಸ್ಯೆಯ ಮೊದಲ ಸುಳಿವು ಒಂದು ಚಕಮಕಿ ಕೋವಿಯಿಂದ ಸಿಕ್ಕಿತ್ತು.

ಊದಿಕೊಂಡ ನಳಿಕೆ

ಮದ್ದು ಉರಿದಾಗ ಹುಟ್ಟುವ ಅನಿಲವನ್ನೂ ರಾಬಿನ್ಸ್ ಅಳೆದ. ತಣ್ಣಗಾದಾಗ ಆ ಅನಿಲ ಮದ್ದಿನ ಗಾತ್ರದ ಸುಮಾರು 244 ಪಟ್ಟು. ಬೆಂಕಿಯ ಬಿಸಿಯಲ್ಲಿ ಅದು ಇನ್ನೂ ನಾಲ್ಕು ಪಟ್ಟು ಹಿಗ್ಗಲು ಬಯಸುತ್ತದೆ. ಹಾಗಾಗಿ ನಳಿಕೆಯೊಳಗಿನ ಒತ್ತಡ ವಾತಾವರಣದ ಒತ್ತಡದ ಸುಮಾರು ಸಾವಿರ ಪಟ್ಟು ಎಂದು ಲೆಕ್ಕ ಹಾಕಿದ. ಗುಂಡು ಅಲುಗುವ ಮೊದಲೇ ಮದ್ದೆಲ್ಲ ಉರಿದುಹೋಗುತ್ತದೆ ಎಂದು ಅವನು ಹಿಡಿದದ್ದು ಪೂರ್ತಿ ಸರಿಯಲ್ಲ. ನಿಜವಾದ ಒತ್ತಡ ಇದಕ್ಕಿಂತ ಹೆಚ್ಚಿರಬಹುದು ಎಂದು ಮುಂದಿನವರು ತೋರಿಸಿದರು. ಆದರೆ ಊಹೆಯ ಜಾಗದಲ್ಲಿ ಅಳತೆಯನ್ನು ತಂದವನು ಅವನೇ.

ಇದರ ಜೊತೆಗೆ ಆತ ಒಂದು ಅಪಾಯಕಾರಿ ಪರೀಕ್ಷೆ ಮಾಡಿದ. ಗುಂಡನ್ನು ಮದ್ದಿನ ಮೇಲೆ ಕೂರಿಸದೆ ನಡುವೆ ಜಾಗ ಬಿಟ್ಟರೆ ಏನಾಗುತ್ತದೆ? ಖಾಲಿ ಜಾಗ ಇದ್ದರೆ ಅನಿಲ ಹರಡಿಕೊಂಡು ಒತ್ತಡ ಕಡಿಮೆಯಾಗಬೇಕು ಎಂದು ನಮಗೂ ಅನ್ನಿಸುತ್ತದೆ. ರಾಬಿನ್ಸ್ ಗಟ್ಟಿ ಕಬ್ಬಿಣದ ಒಳ್ಳೆಯ ಸೇನಾ ಮಸ್ಕೆಟ್ ಒಂದನ್ನು ತೆಗೆದುಕೊಂಡು ಸ್ವಲ್ಪವೇ ಮದ್ದು ಹಾಕಿ ಗುಂಡನ್ನು ಬುಡದಿಂದ 16 ಇಂಚು ದೂರದಲ್ಲಿ ನಿಲ್ಲಿಸಿ ಹಾರಿಸಿದ. ಗುಂಡಿನ ಹಿಂದಿನ ನಳಿಕೆ ಊದಿದ ಚೀಲದಂತೆ ಉಬ್ಬಿ ಎರಡು ಕಡೆ ತುಂಡು ಸಿಡಿದು ಹೋಯಿತು. ಖಾಲಿ ಜಾಗದಲ್ಲಿ ವೇಗ ಪಡೆದ ಅನಿಲ ಗುಂಡಿಗೆ ಡಿಕ್ಕಿ ಹೊಡೆದು ಅಲ್ಲಿಯೇ ಒತ್ತಿಕೊಂಡು ರಾಶಿಯಾಗುತ್ತದೆ ಎಂದು ಅವನು ವಿವರಿಸಿದ.

ಇಂದು ಯೂರೋಪ್, ಅಮೆರಿಕಗಳಲ್ಲಿ ಹಳೆಯ ಕೋವಿ ಹಾರಿಸುವ ಹವ್ಯಾಸಿಗಳಿದ್ದಾರೆ. ಎಂಎಲ್‌ಎಐಸಿ ಎಂಬ ಅಂತರರಾಷ್ಟ್ರೀಯ ಸಂಘಟನೆ ವಿಶ್ವ ಸ್ಪರ್ಧೆಗಳನ್ನೂ ನಡೆಸುತ್ತದೆ. ಇವರ ಗಜದ ಮೇಲೆ ಒಂದು ಗೆರೆ ಇರುತ್ತದೆ. ಗುಂಡು ಮದ್ದಿನ ಮೇಲೆ ಸರಿಯಾಗಿ ಕೂತಿದ್ದರೆ ಗೆರೆ ನಳಿಕೆಯ ಬಾಯಿಗೆ ಸರಿಹೊಂದುತ್ತದೆ. ಗೆರೆ ಮೇಲಿದ್ದರೆ ನಡುವೆ ಜಾಗ ಉಳಿದಿದೆ ಎಂದರ್ಥ. ಆಗ ಕುದುರೆ ಎಳೆಯುವಂತಿಲ್ಲ. ರಾಬಿನ್ಸ್‌ನ ಉಬ್ಬಿದ ನಳಿಕೆಯ ಪಾಠ ಆ ಒಂದು ಗೆರೆಯಲ್ಲಿದೆ.

ಅವರ ಉಳಿದ ನಿಯಮಗಳ ಹಿಂದೆಯೂ ಇಂಥ ಕಾರಣಗಳಿವೆ. ಹಳೆಯ ಕೋವಿ ಕೈಗೆ ಬಂದರೆ ಮೊದಲ ಕೆಲಸ ಒಳಗೆ ಈಡು ಇದೆಯೇ ಎಂದು ನೋಡುವುದು. ಗಜವನ್ನು ನಳಿಕೆಗೆ ಇಳಿಸಿ ಬಾಯಿಯ ಹತ್ತಿರ ಗುರುತು ಮಾಡಿ, ಅದೇ ಗಜವನ್ನು ಹೊರಗಿನಿಂದ ಇಟ್ಟು ಅಳೆದರೆ ಅದು ಬುಡದವರೆಗೆ ಹೋಗಿದೆಯೇ ಎಂದು ತಿಳಿಯುತ್ತದೆ. ಅಟ್ಟದ ಮೇಲೆ ತಲೆಮಾರುಗಳಿಂದ ಮಲಗಿದ್ದ ಕೋವಿಯಲ್ಲೂ ಮದ್ದು ಜೀವಂತ ಇರಬಹುದು. ಎರಡನೆಯದಾಗಿ, ನಳಿಕೆಯ ಬುಡದ ತಿರುಪು, ಕಿಡಿ ಹೋಗುವ ತೂತು, ಕುದುರೆ ಅರ್ಧದಲ್ಲಿ ನಿಲ್ಲುವ ಹಲ್ಲು ಸವೆದಿವೆಯೇ ಎಂದು ಕೋವಿ ಕೆಲಸ ಬಲ್ಲವರು ಪರೀಕ್ಷಿಸಬೇಕು. ಲಂಡನ್ನಿನಲ್ಲಿ 1637ರಲ್ಲಿ ಸನ್ನದು ಪಡೆದ ಕೋವಿ ತಯಾರಕರ ಸಂಘ ಇಂದಿಗೂ ನಳಿಕೆಗಳನ್ನು ಹೆಚ್ಚು ಮದ್ದು ಹಾಕಿ ಪರೀಕ್ಷಿಸಿ ಮುದ್ರೆ ಒತ್ತುತ್ತದೆ. ದುರಸ್ತಿ ಮಾಡುವವರು ಇಂಥ ಮುದ್ರೆಗಳನ್ನು ಉಜ್ಜಿ ಅಳಿಸುವುದಿಲ್ಲ. ಕೋವಿಯ ಚರಿತ್ರೆ ಇರುವುದೇ ಅದರಲ್ಲಿ.

ಮೂರನೆಯದು ಮದ್ದು. ಹೊಗೆಯಿಲ್ಲದ ಆಧುನಿಕ ಮದ್ದು ಕರಿಮದ್ದಿಗಿಂತ ಬಹಳ ಹೆಚ್ಚು ಒತ್ತಡ ಹುಟ್ಟಿಸುತ್ತದೆ. ಹಳೆಯ ನಳಿಕೆಗೆ ಅದನ್ನು ಹಾಕಿದರೆ ನಳಿಕೆಯೇ ಬಾಂಬ್ ಆಗುತ್ತದೆ. ಮದ್ದಿನ ಡಬ್ಬಿಯಿಂದ ನೇರವಾಗಿ ಸುರಿಯಬಾರದು, ಅಳತೆ ಬಟ್ಟಲಿಗೆ ಹಾಕಿ ಸುರಿಯಬೇಕು. ಒಳಗೆ ಹಿಂದಿನ ಈಡಿನ ಕೆಂಡ ಉಳಿದಿದ್ದರೆ ಹತ್ತುವುದು ಬಟ್ಟಲಿನಷ್ಟು ಮದ್ದು ಮಾತ್ರ, ಡಬ್ಬಿಯಲ್ಲ. ತುಂಬುವಾಗ ಮುಖ ಬಾಯಿಯ ನೇರಕ್ಕೆ ಇರಬಾರದು. ಈಡು ಹಾರದಿದ್ದರೆ ಕೋವಿಯನ್ನು ಗುರಿಯ ಕಡೆಗೇ ಹಿಡಿದು ಕಾಯಬೇಕು, ತಡವಾಗಿ ಸಿಡಿಯುವುದೂ ಉಂಟು. ಕೊನೆಯದು ಶುಚಿ. ಕರಿಮದ್ದಿನ ಮಸಿ ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಹಾರಿಸಿದ ದಿನವೇ ಬಿಸಿನೀರು, ಸೋಪಿನಲ್ಲಿ ತೊಳೆದು ಒರೆಸಿ ಎಣ್ಣೆ ಹಚ್ಚಬೇಕು. ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಕೋವಿಯನ್ನು ಶುಚಿ ಮಾಡಿ ತೋಕ್ ಪೂ ಇಟ್ಟು ಪೂಜಿಸುವ ಪದ್ಧತಿ ಇಂದಿಗೂ ಇದೆ. ಕೊಡಗಿನವರಿಗಿರುವ ವಿಶೇಷ ವಿನಾಯಿತಿ ಬಿಟ್ಟರೆ, ಕೋವಿ ಎಷ್ಟೇ ಹಳೆಯದಾದರೂ ಅದರಿಂದ ಈಡು ಹಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಬೇಕು ಎಂಬುದನ್ನೂ ಮರೆಯಬಾರದು.

ತಿರುಗುವ ಗುಂಡು

ರಾಬಿನ್ಸ್ ಬಿಡಿಸಿದ ಇನ್ನೊಂದು ಒಗಟು ಗುರಿ ತಪ್ಪುವುದು. ಒಂದೇ ಕೋವಿ, ಒಂದೇ ಅಳತೆ ಮದ್ದು, ಭದ್ರವಾಗಿ ಕಟ್ಟಿಟ್ಟ ನಳಿಕೆ. ಆದರೂ ಗುಂಡು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗುತ್ತದೆ. ಯಾಕೆ? ಬಾಯಿಯಿಂದ ಸುಲಭವಾಗಿ ಇಳಿಯಬೇಕಾದ್ದರಿಂದ ಗುಂಡು ನಳಿಕೆಗಿಂತ ಸ್ವಲ್ಪ ಸಣ್ಣದಿರುತ್ತದೆ. ಹೊರಬರುವಾಗ ಅದು ಗೋಡೆಗೆ ಉಜ್ಜಿ ಯಾವುದೋ ದಿಕ್ಕಿಗೆ ತಿರುಗಿಕೊಳ್ಳುತ್ತದೆ. ತಿರುಗುವ ಚೆಂಡು ಗಾಳಿಯಲ್ಲಿ ಪಕ್ಕಕ್ಕೆ ಬಾಗುತ್ತದೆ. ಸ್ಪಿನ್ ಬೌಲರ್ ಎಸೆದ ಚೆಂಡು ಗಾಳಿಯಲ್ಲೇ ಸರಿಯುವುದನ್ನು ನೋಡಿದವರಿಗೆ ಇದು ಹೊಸದಲ್ಲ.

ಇದನ್ನು ಸಾಬೀತು ಮಾಡಲು ಆತ ನಳಿಕೆಯ ತುದಿಯನ್ನು ಬೇಕೆಂದೇ ಎಡಕ್ಕೆ ಬಗ್ಗಿಸಿದ. ದಾರಿಯಲ್ಲಿ ತೆಳು ಕಾಗದದ ಪರದೆಗಳನ್ನು ಕಟ್ಟಿದ. ಎಡಕ್ಕೆ ಬಗ್ಗಿದ ನಳಿಕೆಯಿಂದ ಬಂದ ಗುಂಡು ಮೊದಲ ಪರದೆಗಳಲ್ಲಿ ಎಡಕ್ಕೇ ತೂತು ಮಾಡಿತು. ಆದರೆ ಮುಂದೆ ಹೋದಂತೆ ಬಲಕ್ಕೆ ಬಾಗಿ ದೂರದ ಗೋಡೆಯಲ್ಲಿ ಬಲಗಡೆ ಬಡಿಯಿತು. ನಳಿಕೆಯ ಬಲ ಗೋಡೆಗೆ ಉಜ್ಜಿದ ಗುಂಡು ಯಾವ ಕಡೆಗೆ ತಿರುಗುತ್ತದೆ, ಅದು ಎತ್ತ ಬಾಗಬೇಕು ಎಂದು ಅವನು ಮೊದಲೇ ಹೇಳಿದ್ದ. ಇದನ್ನು ಈಗ ನಾವು ಮ್ಯಾಗ್ನಸ್ ಪರಿಣಾಮ ಎನ್ನುತ್ತೇವೆ. ಮ್ಯಾಗ್ನಸ್ ಬಂದದ್ದು ರಾಬಿನ್ಸ್‌ಗಿಂತ ನೂರು ವರ್ಷ ಬಳಿಕ.

ತಿರುಗುವುದನ್ನು ತಪ್ಪಿಸಲಾಗದಿದ್ದರೆ ಬೇಕಾದ ದಿಕ್ಕಿಗೇ ತಿರುಗಿಸುವುದು ಉಪಾಯ. ನಳಿಕೆಯೊಳಗೆ ಸುರುಳಿ ಗೀರು ಕೊರೆದ ರೈಫಲ್ ಮಾಡುವುದು ಅದನ್ನೇ: ಗುಂಡು ತಾನು ಸಾಗುವ ದಿಕ್ಕನ್ನೇ ಅಕ್ಷ ಮಾಡಿಕೊಂಡು ತಿರುಗುತ್ತದೆ. ರೈಫಲ್ ಆಗಲೇ ಬೇಟೆಗಾರರ ಕೈಯಲ್ಲಿತ್ತು. ಅದು ಯಾಕೆ ಗುರಿ ತಪ್ಪುವುದಿಲ್ಲ ಎಂದು 1747ರಲ್ಲಿ ರಾಯಲ್ ಸೊಸೈಟಿಗೆ ವಿವರಿಸಿದವನು ರಾಬಿನ್ಸ್. ದುಂಡು ಗುಂಡಿನ ಬದಲು ಮೊಟ್ಟೆಯಾಕಾರದ ಗುಂಡನ್ನು ಬಳಸಬಹುದು ಎಂದೂ ಸೂಚಿಸಿದ. ರೈಫಲ್ಲನ್ನು ಚೆನ್ನಾಗಿ ಅರಿತು ಮೊದಲು ಬಳಸುವ ದೇಶ ಉಳಿದವರನ್ನು ಮೀರಿಸುತ್ತದೆ ಎಂದು ಎಚ್ಚರಿಸಿದ. ಯೂರೋಪಿನ ಸೈನ್ಯಗಳು ಎಲ್ಲ ಸೈನಿಕರಿಗೂ ರೈಫಲ್ ಕೊಟ್ಟದ್ದು ಇದಾಗಿ ನೂರು ವರ್ಷಕ್ಕೆ, ಮಿನಿಯೆ ಗುಂಡು ಬಂದ ಮೇಲೆ.

1746ರಲ್ಲಿ ರಾಯಲ್ ಸೊಸೈಟಿ ಅವನಿಗೆ ತನ್ನ ಅತಿ ದೊಡ್ಡ ಗೌರವವಾದ ಕಾಪ್ಲಿ ಪದಕ ಕೊಟ್ಟಿತು. ಅದಕ್ಕಿಂತ ಮುಂಚೆಯೇ, 1745ರಲ್ಲಿ, ಪುಸ್ತಕ ಜರ್ಮನ್ ಭಾಷೆಗೆ ಬಂದಿತ್ತು. ಅನುವಾದಿಸಿದವನು ಬೇರೆ ಯಾರೂ ಅಲ್ಲ, ಆರು ವರ್ಷ ಹಿಂದೆ ರಾಬಿನ್ಸ್ ಟೀಕಿಸಿದ್ದ ಆಯ್ಲರ್. ಪ್ರಶ್ಯದ ದೊರೆ ಫ್ರೆಡರಿಕ್‌ಗಾಗಿ ಆ ಕೆಲಸ ಹಿಡಿದ ಆಯ್ಲರ್ ಮೂಲಕ್ಕಿಂತ ಹಲವು ಪಟ್ಟು ದೊಡ್ಡ ಟಿಪ್ಪಣಿ ಸೇರಿಸಿದ. ಕೆಲವು ಕಡೆ ತಪ್ಪು ಹುಡುಕಿದ. ಗುಂಡು ತಿರುಗಿ ಬಾಗುತ್ತದೆ ಎಂಬುದನ್ನು ಒಪ್ಪಲಿಲ್ಲ. ಅಲ್ಲಿ ಸರಿ ಇದ್ದದ್ದು ಪ್ರಯೋಗ ಮಾಡಿ ನೋಡಿದ ರಾಬಿನ್ಸ್. ಆದರೆ ತನ್ನನ್ನು ಟೀಕಿಸಿದವನ ಪುಸ್ತಕವನ್ನು ಒಳ್ಳೆಯದು ಎಂದು ಎತ್ತಿಕೊಂಡ ಆಯ್ಲರನ ದೊಡ್ಡತನವೂ ನೆನಪಿಡುವಂಥದು. ಮುಂದೆ ಫ್ರೆಂಚ್ ಫಿರಂಗಿ ದಳದ ತರುಣ ಅಧಿಕಾರಿ ನೆಪೋಲಿಯನ್ ಕೂಡ ರಾಬಿನ್ಸ್‌ನನ್ನು ಓದಿ ಟಿಪ್ಪಣಿ ಮಾಡಿಕೊಂಡ.

ಕಡಲೂರಿನಲ್ಲಿ ಕೊನೆ

1749ರಲ್ಲಿ ಈಸ್ಟ್ ಇಂಡಿಯಾ ಕಂಪನಿ ರಾಬಿನ್ಸ್‌ನನ್ನು ತನ್ನ ಎಂಜಿನಿಯರ್ ಜನರಲ್ ಆಗಿ ನೇಮಿಸಿತು. ಮೂರು ವರ್ಷ ಹಿಂದೆ ಫ್ರೆಂಚರು ಮದರಾಸನ್ನು ವಶಪಡಿಸಿಕೊಂಡಿದ್ದರು. ಒಪ್ಪಂದದ ಪ್ರಕಾರ ಅದು ಮರಳಿ ಬಂದಿದ್ದರೂ ಕೋರಮಂಡಲ ತೀರದಲ್ಲಿ ಕಂಪನಿಯ ಆಡಳಿತ ಇನ್ನೂ ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಿಂದಲೇ ನಡೆಯುತ್ತಿತ್ತು. ಕೋಟೆಗಳನ್ನು ಭದ್ರ ಮಾಡಲು ಒಬ್ಬ ಬಲ್ಲವನು ಬೇಕಿತ್ತು. ರಾಬಿನ್ಸ್ ಅಳತೆಯ ಉಪಕರಣಗಳನ್ನು ಕಟ್ಟಿಕೊಂಡು 1749ರ ಕ್ರಿಸ್‌ಮಸ್ ಹೊತ್ತಿಗೆ ಹಡಗು ಹತ್ತಿದ. 1750ರ ಜುಲೈನಲ್ಲಿ ಸೇಂಟ್ ಡೇವಿಡ್ ಕೋಟೆ ತಲುಪಿದ.

ಬಂದವನೇ ಆ ಕೋಟೆಗೂ ಮದರಾಸಿಗೂ ಹೊಸ ನಕ್ಷೆಗಳನ್ನು ಬರೆಯಲು ಕುಳಿತ. ಸೆಪ್ಟೆಂಬರಿನಲ್ಲಿ ಜ್ವರ ಹಿಡಿಯಿತು. ಚೇತರಿಸಿಕೊಂಡ. ಆದರೆ ಈ ಹವೆ ಅವನ ದೇಹಕ್ಕೆ ಹೊಂದಲಿಲ್ಲ, ಮತ್ತೆ ಸೊರಗುತ್ತ ಹೋದ. 1751ರ ಜುಲೈ 29ರಂದು, ಕಂಪನಿಯ ನಿರ್ದೇಶಕರಿಗೆ ಕೆಲಸದ ವರದಿ ಬರೆಯುತ್ತಿರುವಾಗಲೇ ತೀರಿಕೊಂಡ ಎಂದು ಅವನ ಜೀವನ ಬರೆದವರು ಹೇಳುತ್ತಾರೆ. ವಯಸ್ಸು 44. ಇಲ್ಲಿ ಬದುಕಿದ್ದು ಒಂದು ವರ್ಷ, ಕೆಲವು ದಿನ.

ಅವನು ಕೆಲಸ ಮಾಡಿದ್ದು ನಮ್ಮ ನೆಲವನ್ನು ಆಳಲು ಹೊರಟ ಕಂಪನಿಗೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಆ ಕೋಟೆಯಂತೂ ಹೆಚ್ಚು ದಿನ ಬಾಳಲಿಲ್ಲ. 1758ರಲ್ಲಿ ಫ್ರೆಂಚ್ ಸೇನಾಪತಿ ಲಾಲಿ ಅದನ್ನು ಹಿಡಿದು ಕೆಡವಿಸಿದ. ಉಳಿದದ್ದು ಕಾಗದದ ಮೇಲಿನ ಕೆಲಸ. ಗೆಳೆಯ ಜೇಮ್ಸ್ ವಿಲ್ಸನ್ ಅವನ ಗಣಿತದ ಬರಹಗಳನ್ನು 1761ರಲ್ಲಿ ಎರಡು ಸಂಪುಟಗಳಾಗಿ ಹೊರತಂದ.

ಕಥೆಯಲ್ಲಿ ಒಂದು ಕೊನೆಯ ತಿರುವಿದೆ. ರಾಬಿನ್ಸ್‌ಗೆ ಕೆಲಸ ಕೊಡದ ಆ ವೂಲಿಚ್ ಅಕಾಡೆಮಿಗೆ 1773ರಲ್ಲಿ ಚಾರ್ಲ್ಸ್ ಹಟನ್ ಎಂಬುವನು ಗಣಿತದ ಪ್ರಾಧ್ಯಾಪಕನಾಗಿ ಬಂದ. ಅವನೂ ಬಡವರ ಮನೆಯವನೇ. ನ್ಯೂಕ್ಯಾಸಲ್ ಕಡೆಯ ಕಲ್ಲಿದ್ದಲು ಗಣಿ ಕೆಲಸಗಾರನ ಮಗ, ಚಿಕ್ಕಂದಿನಲ್ಲಿ ತಾನೂ ಗಣಿಯಲ್ಲಿ ದುಡಿದವನು. ಹಟನ್ ವೂಲಿಚ್‌ನಲ್ಲಿ ರಾಬಿನ್ಸ್‌ನ ಲೋಲಕವನ್ನೇ ದೊಡ್ಡದಾಗಿ ಕಟ್ಟಿ, ಕೋವಿಯ ಬದಲು ಫಿರಂಗಿಯನ್ನು ಹಾರಿಸಿ, ವರ್ಷಗಟ್ಟಲೆ ಅಳೆದ. ಅದಕ್ಕಾಗಿ 1778ರಲ್ಲಿ ಅವನಿಗೂ ಕಾಪ್ಲಿ ಪದಕ ಬಂತು. ವೂಲಿಚ್‌ನಲ್ಲಿ ಓದಲು ಬಂದ ಹುಡುಗರಿಗೆ ರಾಬಿನ್ಸ್ ಕ್ಲಾಸಿನಲ್ಲಿ ನಿಂತು ಪಾಠ ಹೇಳಲಿಲ್ಲ. ಹಟನ್ ಅಲ್ಲಿ ತೂಗುಹಾಕಿದ ದಿಮ್ಮಿ ಮಾತ್ರ ಅವನದೇ.